ಹಡಗಿನ ಮೇಲೆ ಮೊದಲು ಬಾಯಿ ತೆರೆದವನು

ಎದುರುಮನೆಯವರು ಮೊನ್ನೆ ಗೇಟಿಗೆ ಬೂದು ಬಣ್ಣ ಹೊಡೆಸಿದರು. ಹಸಿ ಪೇಂಟಿನ ವಾಸನೆ ಚಾಮರಾಜಪೇಟೆಯ ನಮ್ಮ ರಸ್ತೆಯನ್ನೆಲ್ಲ ತುಂಬಿತು. ಕಿಟಕಿ ಮುಚ್ಚಲು ಎದ್ದವನು ಅಲ್ಲೇ ನಿಂತುಬಿಟ್ಟೆ. ಬೂದು ಬಣ್ಣ, ಬಿಸಿಲಿಗೆ ಕಾದ ಕಬ್ಬಿಣ, ಡೀಸೆಲ್... ಕೊಚ್ಚಿಯಲ್ಲಿ ನೋಡಿದ ನೌಕಾಪಡೆಯ ಹಡಗು ನೆನಪಾಯಿತು. ಅದರ ಹಿಂದೆಯೇ ನಮ್ಮ ಕ್ವಾಯರ್ ಮೇಷ್ಟ್ರು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಅವರು ನಮ್ಮ ಚರ್ಚಿನ ಯುವಕರಿಗೆ ಹಾಡು ಕಲಿಸುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಭ್ಯಾಸದ ಸಂಜೆಗಳೇ ಅವರಿಗೆ ಸಂಸಾರ. ನಾವು ಸೇರಿದರೆ ಸಾಕು, ಕರೆಂಟ್ ಹೋಗುತ್ತಿತ್ತು. ಕತ್ತಲಲ್ಲಿ ಹಾಡಲು ಸನ್ನೆ ಮಾಡುವ ಅವರ ಕೈ ಯಾರಿಗೂ ಕಾಣದು. ಅದಕ್ಕೇ ಒಂದು ಪದ್ಧತಿ ಮಾಡಿದ್ದರು. ಶ್ರುತಿ ಕೊಡುವ ಪುಟ್ಟ ಪೀಪಿಯನ್ನು ಅವರು ಒಮ್ಮೆ ಊದಬೇಕು. ಅದು ನಿಂತ ಕೂಡಲೇ ನಾವು ಉಸಿರೆಳೆದು ಹಾಡು ಎತ್ತಿಕೊಳ್ಳಬೇಕು. "ನನ್ ಮುಖ ಏನ್ ನೋಡ್ತೀರಾ? ಕಿವಿ ಕೊಡ್ರೋ," ಎಂದು ಗದರುತ್ತಿದ್ದರು. ಬೆಳಕಿದ್ದಾಗಲೂ ಕಣ್ಣು ಮುಚ್ಚಿ ನಿಲ್ಲುವುದು ನಮಗೆ ರೂಢಿಯಾಯಿತು.

ನನಗೆ ಆಗಲೇ ನಲವತ್ತು ದಾಟಿತ್ತು. ಚರ್ಚ್ ಕಮಿಟಿಯ ಸೆಕ್ರೆಟರಿ ನಾನು. ದಪ್ಪ ದನಿಯ ಹುಡುಗರು ಸಾಲದೆ ನನ್ನನ್ನೂ ತಂಡಕ್ಕೆ ಸೇರಿಸಿಕೊಂಡಿದ್ದರು. ಎಲ್ಲರಿಗಿಂತ ಮೊದಲು ಶುರುಮಾಡುವ ಕೆಟ್ಟ ಚಾಳಿ ನನ್ನದು. "ಸೆಕ್ರೆಟರಿಗಳೇ, ಬಸ್ ಇನ್ನೂ ಹೊರಟಿಲ್ಲ, ತಡೀರಿ," ಎಂದು ಮೇಷ್ಟ್ರು ಅಂದರೆ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು.

ಕೊಚ್ಚಿಯ ಚರ್ಚಿನವರು ನಮ್ಮನ್ನು ಹಾಡಲು ಕರೆದಿದ್ದರು. ಹಡಗು ನೋಡಲು ಅನುಮತಿ ಕೊಡಿಸಿದ್ದೂ ಅವರೇ. ಕಡಿದಾದ ಏಣಿ ಹತ್ತಿ, ಫಿರಂಗಿ, ಅಡುಗೆಮನೆ, ಒಂದರ ಮೇಲೊಂದು ಜೋಡಿಸಿದ ಮಂಚ ಎಲ್ಲ ನೋಡುವಷ್ಟರಲ್ಲಿ ಸಂಜೆಯಾಗಿತ್ತು. ಬಾವುಟ ಇಳಿಸಿದ ಮೇಲೆ ನಾವಿಕರಿಗಾಗಿ ಒಂದು ಹಾಡು ಹಾಡಿ, ಅಲ್ಲಿಯವರೆಗೆ ಸದ್ದು ಬೇಡ ಎಂದರು ಅಧಿಕಾರಿ. ಡೆಕ್ಕಿನ ಮೇಲೆ ಸಾಲಾಗಿ ನಿಂತು ಎಂದಿನಂತೆ ಕಣ್ಣು ಮುಚ್ಚಿದೆವು.

ನಾವಿಕನೊಬ್ಬ ಪೀಪಿ ಊದಿದ. ಎಲ್ಲರೂ ಅಲುಗದೆ ನಿಲ್ಲಿ ಎಂಬ ಸೂಚನೆಯಂತೆ ಅದು. ನಮಗೆಲ್ಲಿ ಗೊತ್ತು! ಪೀಪಿ ನಿಂತಿತು. ಉಸಿರೆಳೆದು ಹಾಡಿಯೇಬಿಟ್ಟೆ. ನನ್ನ ಹಿಂದೆಯೇ ಇಡೀ ತಂಡ ದನಿಗೂಡಿಸಿತು. ಕಣ್ಣು ಬಿಟ್ಟರೆ ನಾವಿಕರು ಸೆಲ್ಯೂಟ್ ಹೊಡೆದು ನಿಂತಿದ್ದಾರೆ, ಬಾವುಟ ಅರ್ಧಕ್ಕೆ ಇಳಿದಿದೆ, ಮೇಷ್ಟ್ರು ಬೇಡ ಬೇಡವೆಂದು ಎರಡೂ ಕೈ ಆಡಿಸುತ್ತಿದ್ದಾರೆ...

ಯಾರು ಶುರುಮಾಡಿದ್ದು ಎಂದು ಅಧಿಕಾರಿ ಸಿಟ್ಟಿನಿಂದ ಕೇಳಿದರು. ಮೇಷ್ಟ್ರು ನನ್ನ ಕಡೆ ನೋಡಿದರು. ಯಾವ ದನಿ ಯಾರದೆಂದು ಅವರಿಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿದೆ. "ತಪ್ಪು ನನ್ನದೇ, ಸರ್," ಎಂದರು ಅವರು. ವಾಪಸಾಗುವಾಗ ರೈಲಿನಲ್ಲಿ ಬಾಳೆಕಾಯಿ ಚಿಪ್ಸ್‌ನ ಪೊಟ್ಟಣ ನನ್ನ ಮುಂದೆ ಹಿಡಿದರು. ತೆಗೆದುಕೊಂಡೆ. ಕಿಟಕಿಯ ಕಡೆ ತಿರುಗಿ ತಿಂದೆ.

ಕೊಚ್ಚಿಯಿಂದ ದೂರು ಬಂತು. "ಮೇಷ್ಟ್ರದ್ದೇ ತಪ್ಪಂತಲ್ರೀ?" ಎಂದು ಕಮಿಟಿಯ ಹಿರಿಯರು ನನ್ನನ್ನು ಕೇಳಿದರು. "ಹೌದು, ಅವರೇ ಒಪ್ಕೊಂಡ್ರು," ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತಂಡವನ್ನು ಅವರ ಕೈಯಿಂದ ತಪ್ಪಿಸಿದರು. ಅವರು ಮತ್ತಿಕೆರೆಗೆ ಮನೆ ಬದಲಿಸಿದರು, ನಮ್ಮ ಚರ್ಚಿಗೆ ಬರುವುದನ್ನೂ ಬಿಟ್ಟರು.

ನನ್ನನ್ನು ಏಕೆ ಉಳಿಸಿದರು? ಮಕ್ಕಳ ಮುಂದೆ ನನ್ನ ಮಾನ ಹೋಗಬಾರದೆಂದೋ? ಕಲಿಸಿದವನು ತಾನೇ ಎಂಬ ಕಾರಣಕ್ಕೆ ತಪ್ಪೂ ತನ್ನದೇ ಎಂದು ನಿಜವಾಗಿ ನಂಬಿದ್ದರೋ? ರೈಲಿನಲ್ಲಿ ನಾನೇ ಬಾಯಿಬಿಡಲಿ ಎಂದು ಕಾಯುತ್ತಿದ್ದರೋ... ಈಗಲೂ ತಿಳಿಯದು.

ಎಷ್ಟೋ ವರ್ಷದ ಮೇಲೆ ಮಲ್ಲೇಶ್ವರದ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಆರಿಸುತ್ತಾ ಸಿಕ್ಕರು.

"ಮಕ್ಕಳು ಚೆನ್ನಾಗಿ ಹಾಡ್ತಾವಾ?" ಎಂದು ಕೇಳಿದರು.

"ಹಾಡ್ತಾವೆ. ಮೇಷ್ಟ್ರೇ, ಅವತ್ತು ಹಡಗಲ್ಲಿ..."

"ಇದ್ರಲ್ಲಿ ಸೊಗಡಿದ್ಯಾ ನೋಡ್ರಿ," ಎಂದು ಒಂದು ಕಾಯಿ ನನ್ನ ಕೈಗಿಟ್ಟರು.

ಮೂಸಿ ನೋಡಿ, "ಇದೆ," ಎಂದೆ. ಅಷ್ಟೇ. ಮರುವರ್ಷ ತೀರಿಕೊಂಡರೆಂದು ಸುದ್ದಿ ಬಂತು.

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಇದನ್ನೆಲ್ಲ ಪಾಸ್ಟರಿಗೆ ಹೇಳಿದೆ. ಇನ್ನೂ ಚಿಕ್ಕ ವಯಸ್ಸು ಅವರದು. "ದೇವರು ಕ್ಷಮಿಸಿರ್ತಾನೆ ಬಿಡಿ ಅಂಕಲ್. ಅಂದ್ಹಾಗೆ, ಯಾರು ಆ ಮೇಷ್ಟ್ರು?" ಎಂದರು. ಅಂದಿನ ತಂಡದವರೆಲ್ಲ ಎಲ್ಲೆಲ್ಲೋ ಚದುರಿಹೋಗಿದ್ದರು, ಮೇಷ್ಟ್ರನ್ನು ಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಂದು ಆ ಸಾಲಿನಲ್ಲಿ ನಿಂತಿದ್ದವರು ಯಾರಾದರೂ ಓದಿದರೆ, ಮೊದಲು ಹಾಡಿದ್ದು ನಾನು, ಮೇಷ್ಟ್ರಲ್ಲ ಎಂದು ತಿಳಿದುಕೊಳ್ಳಲಿ. ಆದರೆ ಅವರೂ ಆ ಮೇಷ್ಟ್ರ ಕೈಯಲ್ಲಿ ಪಳಗಿದ ಕಿವಿಯವರೇ. ನನ್ನ ದನಿ ಅವರಿಗೆ ಅಂದೇ ಗೊತ್ತಾಗಿತ್ತೋ ಏನೋ... ಗೊತ್ತಾಗಿದ್ದರೆ, ಅವರೆಲ್ಲ ಏಕೆ ಸುಮ್ಮನಿದ್ದರು?