ಕದರಮ್ಮ ಆರಿಸಿದ ಇಂಜಿನ್

ಗುಬ್ಬಿ ಸುತ್ತಮುತ್ತ ಕದರಮ್ಮ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ನರ್ಸಮ್ಮ ಅನ್ನಬೇಕು. ಮೊದಲು ಲೂನಾದಲ್ಲಿ, ಆಮೇಲೆ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದವಳು, ಮಕ್ಕಳಿಗೆ ಲಸಿಕೆ ಹಾಕಿದವಳು. ಅವಳ ಬಾಯಿಗೆ ಊರಿನ ಅತ್ತೆಯರೆಲ್ಲ ಹೆದರುತ್ತಿದ್ದರು. ಮಕ್ಕಳು ಸಾಕು ಅನ್ನುವ ಆಪರೇಷನ್ನಿಗೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂದು ಯಾವಳಾದರೂ ಗಂಡನ ಮುಖ ನೋಡಿದರೆ, "ಅವ್ನ ಮುಖ ಯಾಕಮ್ಮ ನೋಡ್ತೀಯ, ಮೈ ನಿಂದು ತಾನೇ, ನಿನ್ ಬಾಯಲ್ಲಿ ಹೇಳು" ಎಂದು ಗದರುತ್ತಿದ್ದಳು.

ಅವಳು ರಿಟೈರಾದ ವರ್ಷವೇ ಕುಣಿಗಲ್‌ನಲ್ಲಿದ್ದ ಅಕ್ಕ ದೊಡ್ಡಗಂಗಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಅಕ್ಕನ ಸೊಸೆ ಕೆಲಸಕ್ಕೆ ಹೋಗುವವಳು. ಅಕ್ಕನಿಗೆ ಸ್ನಾನ ಮಾಡಿಸಿ ಬರಬೇಕೆಂದರೆ ಕದರಮ್ಮ ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಗೂಳೂರು, ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಇನ್ನೊಂದು ಬಸ್ಸು ಹಿಡಿಯಬೇಕು. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತಿತ್ತು. ಬಸ್ಸಿನಲ್ಲಿ ನಿಂತೂ ನಿಂತೂ ಸಾಕಾಗಿ, ಕಾರು ಕಲಿಯುತ್ತೇನೆ ಅಂದಳು.

ಗಂಡ ವೆಂಕಟರಂಗಯ್ಯ ಪೇಪರಿನಿಂದ ತಲೆ ಎತ್ತಲಿಲ್ಲ. "ಊರು ಹೋಗು ಅಂತೈತೆ, ಕಾಡು ಬಾ ಅಂತೈತೆ. ಈಗ ಡ್ರೈವಿಂಗಾ?" ಅಂದ. ಕಂದಾಯ ಇಲಾಖೆಯಲ್ಲಿದ್ದು ರಿಟೈರಾದ ಅವನಿಗೆ ಸ್ಕೂಟರೂ ಬರುತ್ತಿರಲಿಲ್ಲ. ಎಷ್ಟೋ ವರ್ಷ ಹೆಂಡತಿಯ ಹಿಂದೆ ಕೂತೇ ಆಫೀಸಿಗೆ ಹೋಗಿದ್ದ.

ತುಮಕೂರಿನಲ್ಲಿ ಡ್ರೈವಿಂಗ್ ಸ್ಕೂಲು ಇಟ್ಟುಕೊಂಡಿದ್ದ ನಯಾಜ್ ಅಹಮದ್ ಅವಳಿಗೆ ಕಲಿಸಿದ. ಲೈಸೆನ್ಸ್ ಕೈಗೆ ಬಂದ ದಿನ ಅವನಿಗೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕೊಟ್ಟಳು. ಅಕ್ಕನಿಗೆ ಫೋನು ಮಾಡಿ, "ಕಾರ್ ತಗೊಂಡ್ರೆ ಮೊದ್ಲು ನಿನ್ನ ಕೂರಿಸ್ಕೊಂಡು ಕೆರೆ ಏರಿ ಮೇಲೆ ಒಂದು ಸುತ್ತು ಹೊಡಿಸ್ತೀನಿ" ಅಂದಳು. ದೊಡ್ಡಗಂಗಮ್ಮ ಹಾಸಿಗೆ ಹಿಡಿದಾಗಿನಿಂದ ಮನೆ ಹೊಸಲು ದಾಟಿರಲಿಲ್ಲ.

ಅವಳು ಒಪ್ಪಿದ ಕಾರಿನಲ್ಲಿ ಎರಡು ಥರದ ಇಂಜಿನ್ ಸಿಗುತ್ತಿದ್ದವು: ಒಂದು ಮಾಮೂಲಿ ಪೆಟ್ರೋಲು, ಇನ್ನೊಂದು ಟರ್ಬೊ. ಕದರಮ್ಮ ನಯಾಜನಿಗೆ ಫೋನು ಹಚ್ಚಿದಳು.

"ಮಾಮೂಲಿದು ತಾನಾಗೇ ಉಸಿರಾಡುತ್ತೆ ಅಕ್ಕ. ಟರ್ಬೊಗೆ ಒಂದು ಫ್ಯಾನು ಗಾಳಿನ ಒತ್ತಿ ತುಂಬುತ್ತೆ. ಆ ಫ್ಯಾನು ತಿರುಗೋ ತನಕ ಸ್ವಲ್ಪ ಡಲ್ಲು, ತಿರುಗಿದ ಮೇಲೆ ಎಗರುತ್ತೆ. ಎರಡೂ ಒಳ್ಳೇವೇ. ನೀವೇ ಓಡ್ಸಿ ನೋಡಿ, ನಿಮ್ ಕಾಲಿಗೆ ಯಾವ್ದು ಒಗ್ಗುತ್ತೋ ಅದನ್ನ ತಗೊಳ್ಳಿ" ಅಂದ ನಯಾಜ್.

ತುಮಕೂರಿನ ಶೋರೂಮಿಗೆ ಗಂಡನೂ ಬಂದ. ಅಲ್ಲೇ ಮರಳೂರಿನಲ್ಲಿ ಮನೆ ಮಾಡಿಕೊಂಡು ಸೈಟು ಮಾರುವ ವ್ಯವಹಾರ ಮಾಡುತ್ತಿದ್ದ ಮಗ ಯೋಗೀಶನೂ ಬಂದ. ಕಾರು ತೋರಿಸಿದ್ದು ರೂಪಶ್ರೀ ಅನ್ನುವ ಹುಡುಗಿ. ಕದರಮ್ಮ ಒಂದು ಪ್ರಶ್ನೆ ಕೇಳಿದರೆ ಆ ಹುಡುಗಿ ಯೋಗೀಶನ ಕಡೆ ತಿರುಗಿ ಉತ್ತರ ಹೇಳುತ್ತಿದ್ದಳು. "ಓಡ್ಸೋಳು ನಾನು ಕಣಮ್ಮ" ಅಂದಾಗ "ಹೌದಾ ಆಂಟಿ, ಸೂಪರ್" ಎಂದು ನಕ್ಕು, ಮತ್ತೆ ಅವನಿಗೇ ಹೇಳಿದಳು.

ಕೋರದ ಕಡೆ ಹೈವೇಯಲ್ಲಿ ಎರಡನ್ನೂ ಓಡಿಸಿ ನೋಡಿದಳು. ಮಾಮೂಲಿ ಇಂಜಿನ್ನು ಲಾರಿಯನ್ನು ಹಿಂದೆ ಹಾಕುವಾಗ ಗೊರಗೊರ ಅಂದಿತು, ಗೇರು ಇಳಿಸಬೇಕಾಯಿತು. ಆದರೆ ಕಾಲು ಎಷ್ಟು ಒತ್ತಿದರೆ ಅಷ್ಟೇ ಹೋಯಿತು. ಟರ್ಬೊ ಮೊದಲು ಸುಮ್ಮನಿತ್ತು, ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗೆ ನುಗ್ಗಿತು. ಅವಳು ತಟ್ಟನೆ ಬ್ರೇಕ್ ಒತ್ತಿದಳು. ಹಿಂದಿನ ಸೀಟಿನಲ್ಲಿದ್ದ ಯೋಗೀಶ, "ನೋಡಮ್ಮ, ಇದು ಗಾಡಿ ಅಂದ್ರೆ" ಅಂದ.

"ನಂಗೆ ಮೊದಲನೇದೇ ಸರಿ ಕಣೋ. ಇದು ಯಾವಾಗ ಎಗರುತ್ತೋ ಗೊತ್ತಾಗಲ್ಲ. ಊರೊಳಗೆ, ಜನದ ಮಧ್ಯ ನಂಗೆ ಭಯ."

"ಎ.ಸಿ. ಹಾಕ್ಕೊಂಡು ನಾಲ್ಕು ಜನ ಕೂತು ಘಾಟಿ ಹತ್ತಿದ್ರೆ ಅದು ಉಸ್ಸಪ್ಪ ಅಂತೈತೆ."

"ನಾನ್ಯಾವ ಘಾಟಿ ಹತ್ತಬೇಕು? ಕುಣಿಗಲ್‌ಗೆ ಹೋಗಬೇಕು."

ವಾಪಸು ಬಂದ ಮೇಲೆ ಬಾತ್‌ರೂಮಿಗೆ ಹೋಗಿ ಬಂದಳು. ಗಾಜಿನ ಪಾರ್ಟಿಷನ್ನಿನ ಆಚೆ ತಂದೆ ಮಗ ರೂಪಶ್ರೀಯ ಎದುರು ಕೂತಿದ್ದರು. "ಟರ್ಬೊನೇ ಬುಕ್ ಮಾಡ್ಬಿಡಿ ಮೇಡಂ. ಅಮ್ಮ ಇನ್ನೆಷ್ಟು ದಿನ ಓಡಿಸ್ತಾರೆ, ಆರು ತಿಂಗಳು. ಆಮೇಲೆ ಹೆಂಗೂ ನಾನೇ ತಾನೇ" ಅನ್ನುತ್ತಿದ್ದ ಯೋಗೀಶ. ವೆಂಕಟರಂಗಯ್ಯ ಹೌದೆಂದು ತಲೆ ಆಡಿಸಿದ. ಆ ಹುಡುಗಿ ನಕ್ಕಳು.

ಕದರಮ್ಮ ಹೋಗಿ ಕುರ್ಚಿಯಲ್ಲಿ ಕೂತಳು. ರೂಪಶ್ರೀ ಕಾಗದ ಮುಂದಿಟ್ಟು, "ಆಂಟಿ, ಟರ್ಬೊ ಅಲ್ವಾ, ಓಕೆನಾ?" ಎಂದು ಕೇಳಿದಳು. ಕೇಳಿದ್ದೇನೋ ನಿಜ. ಕದರಮ್ಮ ಗಂಡನ ಮುಖ ನೋಡಿದಳು. ಅವನು, "ಹಾಕು ಹಾಕು, ಹುಡುಗ ಯೋಚ್ನೆ ಮಾಡೇ ಹೇಳಿರ್ತಾನೆ" ಅಂದ. ಅವಳು ಸೈನು ಹಾಕಿದಳು. ಆ ಕಾರಿಗೆ ಹೋದದ್ದು ಪೂರಾ ಅವಳ ರಿಟೈರ್‌ಮೆಂಟ್ ದುಡ್ಡು.

ಕಾರು ಮನೆಗೆ ಬಂದ ವಾರದಲ್ಲೇ ಆಗಬಾರದ್ದು ಆಯಿತು. ಅಕ್ಕನನ್ನು ನೋಡಲು ಬೆಳಿಗ್ಗೆ ಒಬ್ಬಳೇ ಹೊರಟಿದ್ದಳು. ಗುಬ್ಬಿಯಲ್ಲಿ ಅವರ ಬೀದಿ ಮೈನ್ ರೋಡಿಗೆ ಸೇರುವ ಕಡೆ ಸ್ವಲ್ಪ ಏರು. ಬಲಗಡೆಯಿಂದ ಬಸ್ಸು ಬರುತ್ತಿತ್ತು, ಹಿಂದೆ ಆಟೋದವನು ಹಾರ್ನು ಬಡಿಯುತ್ತಿದ್ದ. ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒತ್ತಿದಳು, ಕಾರು ಮುಂದೆ ಹೋಗಲಿಲ್ಲ. ಇನ್ನೂ ಒತ್ತಿದಳು. ಆಗ ಅದು ಒಂದೇ ಸಲಕ್ಕೆ ಎಗರಿ, ರಸ್ತೆ ದಾಟಿ, ಎಳನೀರು ಮಾರುತ್ತಿದ್ದ ದಾಸಯ್ಯನ ತಳ್ಳುಗಾಡಿಗೆ ಗುದ್ದಿತು. ದಾಸಯ್ಯನ ಕಾಲು ಗಾಡಿಯ ಕೆಳಗೆ ಸಿಕ್ಕಿಕೊಂಡಿತ್ತು.

ಮುರಿದ ಕಾಲಿಗೆ ರಟ್ಟು ಕಟ್ಟಿದವಳು ಅವಳೇ. ಅವನ ಮಗಳಿಗೆ ಹೆರಿಗೆ ಮಾಡಿಸಿದವಳೂ ಅವಳೇ. ದಾಸಯ್ಯ ನೋವಿನಲ್ಲಿ ಹಲ್ಲು ಕಚ್ಚಿಕೊಂಡು, "ಈ ವಯಸ್ಸಲ್ಲಿ ಇದೆಲ್ಲ ಯಾಕವ್ವ ಬೇಕಾಗಿತ್ತು ನಿಂಗೆ" ಅಂದ. ಅವನು ಬೈದಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಆಸ್ಪತ್ರೆ, ಪೊಲೀಸು, ಇನ್ಶೂರೆನ್ಸು ಎಲ್ಲದಕ್ಕೂ ಯೋಗೀಶ ಓಡಾಡಿದ. ಅದರಲ್ಲಿ ಅವನು ಹಿಂದೆ ಬೀಳಲಿಲ್ಲ. ಎಲ್ಲ ಮುಗಿದ ಮೇಲೆ, ಗೋಡೆಯ ಮೊಳೆಯಲ್ಲಿದ್ದ ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ಜನದ ಮಧ್ಯ ಅದು ನಂಗೆ ಆಗಲ್ಲ ಅಂತ ಅವತ್ತೇ ಹೇಳಿದ್ದೆ" ಅಂದಳು ಕದರಮ್ಮ.

"ಯಾವಾಗ ಹೇಳ್ದೆ?" ಅಂದ ವೆಂಕಟರಂಗಯ್ಯ. "ಸೈನ್ ಹಾಕ್ದೋಳು ನೀನು. ಈಗ ತಪ್ಪು ಗಾಡಿ ಮೇಲೆ ಹಾಕ್ಬೇಡ."

ಅವತ್ತು ಆ ಮಾತು ಕೇಳಿಸಿಕೊಂಡಿದ್ದ ಯೋಗೀಶನಿಗೂ ನಿಜವಾಗಿ ನೆನಪಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅವಳನ್ನು ಹೆಚ್ಚು ಸುಟ್ಟದ್ದು ಅದೇ.

ಈಗ ಆ ಕಾರು ಮರಳೂರಿನಲ್ಲಿದೆ. ಯೋಗೀಶ ಸೈಟು ತೋರಿಸಲು ಜನರನ್ನು ಅದರಲ್ಲೇ ಕರೆದುಕೊಂಡು ಹೋಗುತ್ತಾನೆ. ಗುಬ್ಬಿಗೆ ಬಂದಾಗ, "ಬಾಮ್ಮ, ಕುಣಿಗಲ್‌ಗೆ ಬಿಟ್ಟು ಬರ್ತೀನಿ" ಅನ್ನುತ್ತಾನೆ. "ಬಸ್ಸೈತೆ ಬುಡು" ಅನ್ನುತ್ತಾಳೆ ಕದರಮ್ಮ. ಒಂದು ಸಲವೂ ಅದರೊಳಗೆ ಕೂತಿಲ್ಲ.

ಮೊನ್ನೆ ಅಕ್ಕನಿಗೆ ತಲೆ ಬಾಚುತ್ತಿದ್ದಾಗ ಅವಳು ತೊದಲುತ್ತಾ, "ಕಾರು ತತ್ತೀನಿ ಅಂದಿದ್ದೆ" ಎಂದು ನೆನಪಿಸಿದಳು. ಅಪಘಾತದ ಸುದ್ದಿಯನ್ನು ಕದರಮ್ಮ ಅಕ್ಕನಿಗೆ ಹೇಳಿರಲಿಲ್ಲ.

"ಇಂಜಿನ್ ಸರಿ ಇಲ್ಲ ಅಕ್ಕ" ಅಂದಳು.

ದೊಡ್ಡಗಂಗಮ್ಮ ಸೊಟ್ಟಗಾದ ಬಾಯನ್ನು ಕಷ್ಟಪಟ್ಟು ತಿರುಗಿಸುತ್ತಾ, "ನಿನ್ ದುಡ್ಡು ತಾನೇ. ನೋಡಿ ತಗೋಬೇಕಿತ್ತು ಕಣೇ" ಅಂದಳು.

ಕದರಮ್ಮ ಹೂಂ ಅಂದಳು. ಅಕ್ಕನ ಸಿಕ್ಕುಗೂದಲನ್ನು ಬಿಡಿಸುತ್ತಾ ಕೂತಳು.