ಬಲ್ಗೇರಿಯಾದಲ್ಲಿ ಎಂತ ಮಾಡಿದ್ರು

ನಮ್ಮೂರಿನ ವಾಚನಾಲಯ ಮುಚ್ಚಿಸಿದವನು ನಾನು. ಬೀಗ ಹಾಕಿದ್ದು ಪಂಚಾಯಿತಿಯವರೇ, ನಿಜ. ಆದರೆ ಅವರಿಗೆ ಆ ಧೈರ್ಯ ಬಂದದ್ದು ನನ್ನ ಮಿಮಿಕ್ರಿಯಿಂದ.

ಎರಡು ಸಾವಿರನೇ ಇಸವಿಯ ಈಚಿನ ವರ್ಷಗಳವು. ಡಿಗ್ರಿಯಲ್ಲಿ ಎರಡು ವಿಷಯ ಉಳಿಸಿಕೊಂಡಿದ್ದ ನಾನು ಬಾಳಗಡಿ ಹತ್ತಿರದ ಆ ಒಂದು ಕೋಣೆಯ ವಾಚನಾಲಯಕ್ಕೆ ದಿನಾ ಹೋಗುತ್ತಿದ್ದೆ. ಪೇಪರಿನ ಸಿನಿಮಾ ಪುಟ ಓದುವುದು, ಮಿಕ್ಕ ಹೊತ್ತು ಎನ್.ಆರ್. ಪುರ ಬಸ್ಸಿನ ಕಂಡಕ್ಟರನಿಂದ ಹಿಡಿದು ನನ್ನಪ್ಪನವರೆಗೆ ಎಲ್ಲರ ದನಿ ತೆಗೆಯುವುದು. ಸ್ವಂತ ದನಿಯಲ್ಲಿ ಹೇಳುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ.

ಕೋಣೆಯ ಕೀಲಿ ಇದ್ದದ್ದು ನಿವೃತ್ತ ಇತಿಹಾಸ ಮೇಷ್ಟರ ಬಳಿ. ಯಾರು ಸಿಕ್ಕರೂ ಅವರದು ಒಂದೇ ಕಥೆ. ನಶ್ಯ ಏರಿಸಿ ಮೂಗಿನಲ್ಲೇ ಶುರು ಮಾಡುತ್ತಿದ್ದರು: "ಬಲ್ಗೇರಿಯಾದಲ್ಲಿ ಎಂತ ಮಾಡಿದ್ರು ಗೊತ್ತುಂಟಾ?" ತುರ್ಕಿಯ ಸುಲ್ತಾನರ ಕಾಲದಲ್ಲಿ ಅಲ್ಲಿಯ ಮೇಷ್ಟರುಗಳು, ವ್ಯಾಪಾರಿಗಳು, ಕಸುಬಿನವರು ಸೇರಿ ಊರೂರಲ್ಲಿ ಓದುವ ಮನೆ ಮಾಡಿಕೊಂಡರಂತೆ. ಪೇಪರು, ನಾಟಕ, ಊರಿನ ಚರ್ಚೆ ಎಲ್ಲ ಅಲ್ಲೇ. ಸ್ವಂತ ಸರ್ಕಾರ ಆಮೇಲೆ ಬಂತು. ಸಭೆ ನಡೆಸುವುದನ್ನು, ಎದುರು ಮಾತಾಡುವುದನ್ನು ಜನ ಅಷ್ಟರಲ್ಲೇ ಕಲಿತಿದ್ದರಂತೆ. ಈ ಭಾಷಣ ನನಗೆ ಸೀನಿನ ಸಮೇತ ಬಾಯಿಪಾಠ.

ಆ ವರ್ಷದ ಗ್ರಾಮಸಭೆಗೆ, ವಾಚನಾಲಯದ ಕೋಣೆಯನ್ನು ಕಂಟ್ರಾಕ್ಟರನ ಸಿಮೆಂಟು ಇಡಲು ಕೊಡುವ ಠರಾವು ಬಂತು. ನಮ್ಮಲ್ಲಿ ಗ್ರಾಮಸಭೆಯೆಂದರೆ ಮೊದಲು ಹಾಜರಿ ಪುಸ್ತಕಕ್ಕೆ ಸಹಿ, ಆಮೇಲೆ ಕಾಫಿ. ಯಾರೂ ಎದ್ದು ಬೇಡ ಅನ್ನದಿದ್ದರೆ ಠರಾವು ಪಾಸು. ಬೇಡ ಅನ್ನಲು ಎದ್ದವರು ಮೇಷ್ಟರೊಬ್ಬರೇ. ಅವರು ಬಾಯಿ ತೆರೆಯುವ ಮೊದಲೇ ನಾನು ಹಿಂದಿನ ಸಾಲಿನಿಂದ, ಅವರದೇ ಮೂಗಿನಲ್ಲಿ, ಬಲ್ಗೇರಿಯಾದಲ್ಲಿ ಎಂತ ಮಾಡಿದ್ರು ಅಂತ ಕೇಳಿಬಿಟ್ಟೆ. ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ಮೇಷ್ಟರು ನಗು ನಿಲ್ಲಲಿ ಅಂತ ನಿಂತೇ ಕಾದರು. ಅದು ನಿಲ್ಲುವಷ್ಟರಲ್ಲಿ ಕಾರ್ಯದರ್ಶಿ ಮುಂದಿನ ವಿಷಯ ಓದುತ್ತಿದ್ದರು.

ವಾರದೊಳಗೆ ಮೂಟೆಗಳು ಬಂದಿಳಿದವು. ಪುಸ್ತಕದ ಬೀರು ಪಂಚಾಯಿತಿಯ ಹಿಂದಿನ ಜಗುಲಿಗೆ ಹೋಯಿತು, ಗೆದ್ದಲಿಗೆ ಅನುಕೂಲವಾಗುವಂತೆ. ಪೇಟೆಯಲ್ಲಿ ಸಿಕ್ಕವರೆಲ್ಲ ಇನ್ನೊಂದು ಸಲ ಮೇಷ್ಟರನ್ನು ಮಾಡು ಅನ್ನುತ್ತಿದ್ದರು. ನಾನು ಮಾಡುತ್ತಲೂ ಇದ್ದೆ.

ಕೊನೆಗೊಂದು ದಿನ ಕ್ಷಮೆ ಕೇಳಲು ಅವರ ಮನೆಗೆ ಹೋದೆ. ತಮಾಷೆಗೆ ಮಾಡಿದ್ದು, ಜನ ಅಷ್ಟು ನಗುತ್ತಾರೆಂದು ಗೊತ್ತಿರಲಿಲ್ಲ ಅಂದೆ. ಸುಳ್ಳು, ಅಷ್ಟು ನಗಲಿ ಅಂತಲೇ ಮಾಡಿದ್ದು. ಮೇಷ್ಟರು ನಶ್ಯದ ಡಬ್ಬಿ ಪಕ್ಕಕ್ಕಿಟ್ಟರು.

"ನನ್ನ ಗಂಟಲು ಆವತ್ತು ನಿನ್ನ ಹತ್ರ ಇತ್ತಲ್ಲ ಮಾರಾಯ, ಮುಂದಿನ ಮಾತೂ ಹೇಳಿ ಕೂರಬೇಕಿತ್ತು."