ತೆಂಡೆ ಒಡೆಯದ ಪೈರು

ಪೈರು ನೆಡುವುದರಲ್ಲಿ ಬೋರಮ್ಮನ ಕೈ ಬೋರನಕಣಿವೆಯ ನಾಲೆಯುದ್ದಕ್ಕೂ ಹೆಸರಾಗಿತ್ತು. ಆದರೆ ಆ ಸಲ ಸ್ವಂತ ಗದ್ದೆಯ ನಾಟಿಗೇ ಅವಳು ಇರಲಿಲ್ಲ. ಗಂಡ ರಂಗಪ್ಪನಿಗೆ ಮೂತ್ರಪಿಂಡ ಕೆಟ್ಟು, ಅವನನ್ನು ನೋಡಿಕೊಳ್ಳಲು ಅವಳೂ ತುಮಕೂರಿನ ಆಸ್ಪತ್ರೆಯಲ್ಲಿದ್ದಳು. ಮೈದುನ ರಾಜಣ್ಣ ಕೆಸರು ಮಾಡಿಸಿ, ಆಳುಗಳಿಂದ ನೆಡಿಸಿದ. ರಂಗಪ್ಪ ಪ್ರತಿ ವರ್ಷ ಕೆಸರಿಗೆ ಬೆರೆಸುತ್ತಿದ್ದ ಸೂಪರ್ ಫಾಸ್ಫೇಟ್ ಗೊಬ್ಬರ ರಾಜಣ್ಣನಿಗೆ ನೆನಪಾಗಲಿಲ್ಲ. ಬರೀ ಯೂರಿಯಾ ಎರಚಿದ. ಬೇರು ಕೊಳೆತೀತೆಂದು ಆಗಾಗ ನೀರನ್ನೂ ಬಸಿದ.

ತಿಂಗಳ ಮೇಲೆ ಗಂಡ ಹೆಂಡತಿ ಊರಿಗೆ ಬಂದಾಗ ಪೈರು ಕಡುಹಸಿರಾಗಿತ್ತು. ರಾಜಣ್ಣ ಹೆಮ್ಮೆಯಿಂದಲೇ ತೋರಿಸಿದ. ಬೋರಮ್ಮ ಮಾತ್ರ ಗದ್ದೆಗೆ ಇಳಿದು ಬಗ್ಗಿ ನೋಡಿದಳು. ಎಲೆಗಳು ಸಣ್ಣಗೆ ಸೆಟೆದು ನಿಂತಿದ್ದವು. ಬುಡದಲ್ಲಿ ಹೊಸ ತೆಂಡೆ, ತೆನೆ ಹೊರುವ ಕವಲು, ಒಡೆದಿರಲಿಲ್ಲ. ಒಂದು ಬುಡ ಕಿತ್ತುಕೊಂಡು ಹುಳಿಯಾರಿಗೆ ಹೋಗಿ ಕೃಷಿ ಅಧಿಕಾರಿ ರೇಣುಕಪ್ರಸಾದರಿಗೆ ತೋರಿಸಿದಳು. ರಂಜಕ, ಅಂದರೆ ಫಾಸ್ಫೇಟಿನ ಸತ್ವ, ಸಾಲದಾಗಿದೆ ಎಂದರು ಅವರು. ನೀರು ನಿಂತಿದ್ದರೆ ಮಣ್ಣು ತನ್ನಲ್ಲಿರುವ ರಂಜಕವನ್ನು ಬಿಟ್ಟುಕೊಡುತ್ತದೆ, ಬಸಿದು ಒಣಗಿಸಿದರೆ ಮತ್ತೆ ಬಿಗಿಹಿಡಿಯುತ್ತದೆ. ಈಗ ಗೊಬ್ಬರ ಹಾಕಿದರೂ ತೆಂಡೆಯ ಕಾಲ ಮೀರಿದೆ, ಕೊಯ್ಲೂ ತಡವಾಗುತ್ತದೆ ಎಂದು ತಿಳಿಸಿ ಹೇಳಿದರು.

ಗಂಡನಿಗೆ ಹೇಳಬಾರದೆಂದುಕೊಂಡಳು. ಅವನು ಬಿಡಲಿಲ್ಲ, ಗದ್ದೆ ನೋಡಲೇಬೇಕೆಂದು ಹಟ ಹಿಡಿದು, ಅವಳ ಭುಜ ಹಿಡಿದು ಬಂದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಊದಿದ ಬೆರಳಲ್ಲಿ ಒಂದು ಬುಡ ಬಿಡಿಸಿ ನೋಡಿದ.

"ಮೂರೇ ತೆಂಡೆ. ನನ್ನ ನೋಡ್ಕಂಡು ಗದ್ದೆ ಕಳ್ಕಂಡೆ ಕಣೇ ನೀನು."

"ಗದ್ದೆ ಎಲ್ಲಿಗೋಯ್ತದೆ, ಮುಂದಿನ್ ವರ್ಸನೂ ಇರ್ತೈತೆ ಬುಡು," ಎಂದಳು ಬೋರಮ್ಮ.

ಬಾಯಿಂದ ಜಾರಿದ ಮೇಲೆ ಆ ಮಾತಿನ ಉಳಿದರ್ಧ ಇಬ್ಬರಿಗೂ ಕೇಳಿಸಿತು. ಅವನು ತಲೆಯಾಡಿಸಿ ಕೈಯ ಕೆಸರು ತೊಳೆದುಕೊಂಡ.

ಕಾರ್ತಿಕ ಮುಗಿಯುವ ಮುನ್ನ ರಂಗಪ್ಪ ತೀರಿಕೊಂಡ. ಅಷ್ಟು ಹೊತ್ತಿಗೆ ಸುತ್ತಲ ಗದ್ದೆಗಳಲ್ಲಿ ಕೊಯ್ಲು ಶುರುವಾಗಿತ್ತು. ಇವರ ಪೈರು ಮಾತ್ರ ಇನ್ನೂ ಹಾಲುಗಾಳಿನಲ್ಲಿತ್ತು. ಎಂದೂ ಅಕ್ಕಿ ಕೊಂಡು ಉಣ್ಣದ ಮನೆಗೆ ಹನ್ನೊಂದನೇ ದಿನದ ಊಟಕ್ಕೆ ಅಂಗಡಿಯಿಂದ ಅಕ್ಕಿ ಬಂತು. ಮೂಟೆ ಇಳಿಸುತ್ತಿದ್ದ ರಾಜಣ್ಣ ಬಾಗಿಲಲ್ಲೇ ಕುಸಿದು ಅತ್ತ. ಬೋರಮ್ಮ ಅವನನ್ನು ಬೈಯಲಿಲ್ಲ. ಆಸ್ಪತ್ರೆಯಿಂದ ದಿನಾ ಅವನಿಗೆ ಫೋನ್ ಮಾಡುತ್ತಿದ್ದವಳು ಅವಳೇ; ಒಂದು ದಿನವೂ ಗೊಬ್ಬರದ ಮಾತೆತ್ತಿರಲಿಲ್ಲ.

ಮೂರು ವಾರ ತಡವಾಗಿ, ಎಲ್ಲರ ಕಣ ಖಾಲಿಯಾದ ಮೇಲೆ ಅವಳ ಗದ್ದೆ ಹಣ್ಣಾಯಿತು. ಹುಲ್ಲು ಗಿಡ್ಡ, ತೆನೆ ಹಗುರ. ಆಳು ಕರೆಯದೆ ಮೈದುನನೊಬ್ಬನನ್ನೇ ಜೊತೆಗಿಟ್ಟುಕೊಂಡು, ಎರಡು ದಿನದಲ್ಲಿ ಕೊಯ್ದು ಮುಗಿಸಿದಳು.